ಸಂಜೆಗೆ ಗೇಟು ಬೀಳುವ ದಾರಿಗಳು

ಊಟಿಗೋ ವಯನಾಡಿಗೋ ಹೊರಟವರು ಒಂದೇ ಉಸಿರಿಗೆ ದಾಟಿಬಿಡುವ ಜಿಲ್ಲೆ ಚಾಮರಾಜನಗರ. ಬಂಡೀಪುರದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ, ನಿಂತು ನೋಡುವವರಿಗಾಗಿ ಒಂದು ಸುತ್ತು.

ಶನಿವಾರ ಬೆಳಿಗ್ಗೆ ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಬೆಂಗಳೂರಿನಿಂದ ನಸುಕಿಗೇ ಹೊರಟ ಕಾರುಗಳು, ಮೈಸೂರು ಕಡೆಯ ಬೈಕುಗಳು, ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಎಲ್ಲವೂ ಇಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಜನ ಇಡ್ಲಿ ತಿಂದು, ಕಾಫಿ ಕುಡಿದು, ಗಾಡಿಗೆ ಡೀಸೆಲ್ ತುಂಬಿಸಿ ಹೊರಟುಬಿಡುತ್ತಾರೆ. ಊರಾಚೆ ದಾರಿ ಎರಡಾಗುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮೂಲೆಹೊಳೆಯ ಮೂಲಕ ಕೇರಳದ ಸುಲ್ತಾನ್ ಬತ್ತೇರಿಗೆ. ಭಾನುವಾರ ಸಂಜೆ ಇದೇ ಗಾಡಿಗಳು ವಾಪಸು ಬರುವಾಗ ಅವಸರ ಇನ್ನೂ ಜಾಸ್ತಿ. ರಾತ್ರಿ ಒಂಬತ್ತಕ್ಕೆ ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ, ಅಷ್ಟರೊಳಗೆ ಕಾಡು ದಾಟಬೇಕು.

ಹೋಗುವಾಗಲೂ ಬರುವಾಗಲೂ ದಾಟುವುದಕ್ಕಷ್ಟೇ ಇರುವ ಸೀಮೆ ಎಂಬ ಹೆಸರು ಚಾಮರಾಜನಗರಕ್ಕೆ ಅಂಟಿಕೊಂಡಿದೆ. ಮೈಸೂರಿನಿಂದ ಬೇರೆಯಾಗಿ 1997ರಲ್ಲಿ ಜಿಲ್ಲೆಯಾದ ಈ ಭಾಗದ ಪಶ್ಚಿಮಕ್ಕೆ ಕೇರಳ, ದಕ್ಷಿಣಕ್ಕೂ ಪೂರ್ವಕ್ಕೂ ತಮಿಳುನಾಡು. ನೆಲದಲ್ಲಿ ಹೆಚ್ಚುಕಡಿಮೆ ಅರ್ಧ ಕಾಡೇ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎಂಬ ಎರಡು ಹುಲಿ ಸಂರಕ್ಷಿತ ಪ್ರದೇಶಗಳು ಇಲ್ಲಿವೆ. ಮಲೆ ಮಹದೇಶ್ವರ ವನ್ಯಧಾಮವಿದೆ, ಕಾವೇರಿ ವನ್ಯಧಾಮದ ಒಂದು ಪಾಲೂ ಇದೆ. ಮುಖ್ಯಮಂತ್ರಿಯಾದವರು ಜಿಲ್ಲಾ ಕೇಂದ್ರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆ ದಶಕಗಳ ಕಾಲ ಈ ಊರನ್ನು ಕಾಡಿತ್ತು. ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು, 2013ರಿಂದ 2018ರವರೆಗಿನ ಅವಧಿಯನ್ನು ಪೂರ್ತಿ ಮುಗಿಸಿ ಅದನ್ನು ಸುಳ್ಳು ಮಾಡಿದರು. ಪ್ರವಾಸಿಗರು ಮಾತ್ರ ಇವತ್ತಿಗೂ ಆ ಶಾಪಕ್ಕೆ ಹೆದರಿದವರ ಹಾಗೆ ನಿಲ್ಲದೆ ಹೋಗುತ್ತಾರೆ.

ಈ ಜಿಲ್ಲೆಯಲ್ಲಿ ಓಡಾಡಬೇಕಾದರೆ ದೂರದ ಲೆಕ್ಕಕ್ಕಿಂತ ಹೊತ್ತಿನ ಲೆಕ್ಕ ಮುಖ್ಯ. ಯಾವ ಗೇಟು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂದು ಕೇಳಿಕೊಂಡೇ ಕಾರು ತಿರುಗಿಸಬೇಕು. ಮೊದಲ ಸಲ ಬಂದವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ನಾಲ್ಕು ಕಡೆ ಓಡಾಡಿದ ಮೇಲೆ, ಈ ಗೇಟುಗಳು ಇರುವುದರಿಂದಲೇ ನೋಡಲು ಇಲ್ಲಿ ಇಷ್ಟೆಲ್ಲ ಉಳಿದಿದೆ ಎಂಬುದು ತಿಳಿಯುತ್ತದೆ.

ಒಂಬತ್ತು ಗಂಟೆಯ ಗೇಟು

ಮೈಸೂರು ಮಹಾರಾಜರು 1931ರಲ್ಲಿ 90 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮವೆಂದು ಘೋಷಿಸಿದಾಗ ಬಂಡೀಪುರದ ಕಥೆ ಶುರುವಾಯಿತು. ಹತ್ತು ವರ್ಷದ ನಂತರ ಅದನ್ನು 800 ಚದರ ಕಿಲೋಮೀಟರ್‌ಗೆ ವಿಸ್ತರಿಸಿ, ಹಿಮವದ್ ಗೋಪಾಲಸ್ವಾಮಿಯ ನೆನಪಿಗೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಟ್ಟರು. ದೇಶದಲ್ಲಿ ಹುಲಿ ಯೋಜನೆ 1973ರಲ್ಲಿ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯ ಅಂದಾಜಿನಂತೆ ಇಲ್ಲಿ 150 ಹುಲಿಗಳಿವೆ. ಉತ್ತರಾಖಂಡದ ಕಾರ್ಬೆಟ್ ಬಿಟ್ಟರೆ ದೇಶದಲ್ಲಿ ಇದಕ್ಕಿಂತ ಹೆಚ್ಚು ಹುಲಿಗಳಿರುವ ಸಂರಕ್ಷಿತ ಪ್ರದೇಶ ಬೇರೊಂದಿಲ್ಲ.

ಕಬಿನಿಯಾಚೆ ನಾಗರಹೊಳೆ, ಮೋಯಾರ್ ಹೊಳೆಯಾಚೆ ತಮಿಳುನಾಡಿನ ಮುದುಮಲೈ, ಪಶ್ಚಿಮಕ್ಕೆ ವಯನಾಡು. ಈ ನಾಲ್ಕೂ ಒಂದಕ್ಕೊಂದು ತಾಗಿಕೊಂಡ ಒಂದೇ ಕಾಡು. ಬೇಸಿಗೆಯಲ್ಲಿ ಬಂಡೀಪುರದ ಕೆರೆಗಳು ಬತ್ತಿದರೆ ಆನೆಗಳು ಕಬಿನಿಯ ಹಿನ್ನೀರಿಗೆ ನಡೆಯುತ್ತವೆ, ಮಳೆ ಬಿದ್ದು ಹುಲ್ಲು ಚಿಗುರಿದರೆ ಮರಳುತ್ತವೆ. ಅವು ನಡೆಯುವ ದಾರಿಗೆ ಅಡ್ಡವಾಗಿ ನಾವು ಎರಡು ಹೆದ್ದಾರಿ ಹಾಕಿಕೊಂಡಿದ್ದೇವೆ.

ರಾತ್ರಿ ಹೊತ್ತು ಲಾರಿ, ಕಾರುಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದು ಹೆಚ್ಚಾದಾಗ 2009ರಲ್ಲಿ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೂ ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಕೇರಳದಿಂದ, ಅದರಲ್ಲೂ ವಯನಾಡಿನಿಂದ, ನಿಷೇಧ ತೆಗೆಯಿರಿ ಎಂಬ ಒತ್ತಾಯ ನಿಂತಿಲ್ಲ. ಅವರ ಕಷ್ಟವೂ ಸುಳ್ಳಲ್ಲ. ತರಕಾರಿಯಿಂದ ಆಸ್ಪತ್ರೆಯವರೆಗೆ ಮೈಸೂರನ್ನೇ ನೆಚ್ಚಿಕೊಂಡ ಊರುಗಳು ಅಲ್ಲಿವೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಬದಲಿ ರಸ್ತೆ ಇದ್ದರೂ ಅದು ಸುತ್ತು. ಕಾಡಿನ ಮೇಲೆ ಎತ್ತರಿಸಿದ ರಸ್ತೆ ಕಟ್ಟುವ ಮಾತು ಆಗಾಗ ಎದ್ದು ಆಗಾಗ ಅಡಗುತ್ತದೆ. ಇಷ್ಟೆಲ್ಲ ಜಗ್ಗಾಟದ ನಡುವೆ ದಿನಕ್ಕೆ ಒಂಬತ್ತು ಗಂಟೆ ಕಾಲ ಆ ಡಾಂಬರು ಆನೆ, ಕಾಟಿ, ಕಡವೆಗಳ ಪಾಲಿಗೆ ಸಿಗುತ್ತಿದೆ.

ಆದ್ದರಿಂದ ಬೆಳಿಗ್ಗೆ ಆರಕ್ಕೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರುವುದು ಲೇಸು. ಆಗ ರಸ್ತೆ ಪಕ್ಕದಲ್ಲೇ ಜಿಂಕೆ ಹಿಂಡುಗಳು ಮೇಯುತ್ತಿರುತ್ತವೆ, ನವಿಲು ಡಾಂಬರಿನ ಮೇಲೆ ಓಡಾಡುತ್ತಿರುತ್ತದೆ. ನೀಲಗಿರಿಯ ಮಳೆನೆರಳಿನಲ್ಲಿರುವ ಕಾಡು ಇದು. ತೇಗ, ಮತ್ತಿ, ದಿಂಡಿಗ, ಹೊನ್ನೆ ಎಲ್ಲವೂ ಮಾಘ ಕಳೆಯುವಷ್ಟರಲ್ಲಿ ಎಲೆ ಉದುರಿಸಿ ನಿಲ್ಲುತ್ತವೆ. ನಡುನಡುವೆ ಮುತ್ತುಗ ಕೆಂಪಾಗಿ ಅರಳುತ್ತದೆ. ಪ್ರಾಣಿ ನೋಡುವುದಕ್ಕೆ ಆ ಬೋಳು ಕಾಡೇ ಒಳ್ಳೆಯದು. ಮಳೆಗಾಲದ ಹಸಿರು ಕಣ್ಣಿಗೆ ತಂಪು, ಅದರೊಳಗೆ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಒಣಗಿದ ಕಾಡಿಗೆ ಬೆಂಕಿಯ ಭಯವೂ ಇದೆ. 2019ರ ಫೆಬ್ರುವರಿಯಲ್ಲಿ ಬಿದ್ದ ಬೆಂಕಿಗೆ ಸಾವಿರಾರು ಎಕರೆ ಉರಿದುಹೋಗಿತ್ತು. ರಸ್ತೆಯ ಎರಡೂ ಬದಿ ಅಗಲಕ್ಕೆ ಸವರಿ ಸುಟ್ಟ ಪಟ್ಟಿ ಕಂಡರೆ ಅದು ಇಲಾಖೆ ಬೇಸಿಗೆಗೆ ಮುಂಚೆ ಮಾಡುವ ಬೆಂಕಿ ರೇಖೆ.

ಸಫಾರಿಗೆ ಹೋದವರು ಹುಲಿ ಕಾಣಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಇಳಿಯುವುದನ್ನು ನೋಡಿದ್ದೇನೆ. ಹುಲಿಯನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಮರದ ತುದಿಯಿಂದ ಮುಸುವ ಕೆಮ್ಮಿದಂತೆ ಕೂಗಿದರೆ, ಜಿಂಕೆ ಬಾಲ ಎತ್ತಿ ಚೀರಿದರೆ, ಕಡವೆ ಕಾಲು ಕುಟ್ಟಿದರೆ ಹತ್ತಿರದಲ್ಲೇ ಎಲ್ಲೋ ಅದು ನಡೆಯುತ್ತಿದೆ ಎಂದರ್ಥ. ಒಳ್ಳೆಯ ಚಾಲಕ ಅಲ್ಲಿ ಎಂಜಿನ್ ಆರಿಸಿ ಸುಮ್ಮನೆ ಕೂರುತ್ತಾನೆ. ಆ ಹತ್ತು ನಿಮಿಷದ ಕಾಯುವಿಕೆಯಲ್ಲಿ ಕಾಡಿನ ಬಗ್ಗೆ ತಿಳಿಯುವಷ್ಟು ಉಳಿದ ಸವಾರಿಯಲ್ಲಿ ತಿಳಿಯುವುದಿಲ್ಲ. ಬಂಡೀಪುರದಲ್ಲಿ ಸೀಳುನಾಯಿಗಳ ಗುಂಪು ಸಿಕ್ಕರೆ ಅದೂ ಭಾಗ್ಯವೇ.

ಹೆದ್ದಾರಿಯಲ್ಲಿ ಮಾತ್ರ ಇಳಿಯುವಂತಿಲ್ಲ, ನಿಲ್ಲುವಂತಿಲ್ಲ, ಮಂಗಗಳಿಗೆ ಬಿಸ್ಕತ್ತು ಎಸೆಯುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಆನೆಯ ಫೋಟೊ ತೆಗೆಯಲು ರಸ್ತೆಗಿಳಿದವರೊಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿದ ವಿಡಿಯೊ ಊರೆಲ್ಲ ಓಡಾಡಿತು. ಪ್ರಾಣ ಉಳಿಯಿತು, ಮೇಲೆ 25 ಸಾವಿರ ರೂಪಾಯಿ ದಂಡ ಬಿತ್ತು.

ಮಂಜಿನ ಬೆಟ್ಟ, ಹೂವಿನ ಹೊಲ

ಊಟಿ ರಸ್ತೆಯ ಹಂಗಳದಿಂದ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1,454 ಮೀಟರ್. ಸ್ವಂತ ಗಾಡಿಯನ್ನು ತಪ್ಪಲಲ್ಲಿ ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಈ ಏರ್ಪಾಡು ಬಂದ ಮೇಲೆ ಬೆಟ್ಟದ ಮೇಲೆ ಹಾರನ್ ಗಲಾಟೆ ತಗ್ಗಿದೆ, ರಸ್ತೆಯಂಚಿನಲ್ಲಿ ಕೂತು ಊಟ ಮಾಡಿ ಎಲೆ ಎಸೆದುಹೋಗುವುದೂ ನಿಂತಿದೆ. ಮೇಲೆ ಹೊಯ್ಸಳ ಬಲ್ಲಾಳರ ಕಾಲದ್ದೆಂದು ಹೇಳುವ ಗುಡಿ, ಒಳಗೆ ಕೊಳಲೂದುವ ಕೃಷ್ಣ, ಹೊರಗೆ ವರ್ಷದ ಹೆಚ್ಚು ದಿನ ಮಂಜು. ಮಂಜು ಸರಿದಾಗ ಕೆಳಗೆ ಹುಲ್ಲುಗಾವಲಿನ ಇಳಿಜಾರು, ಅದರ ಮಡಿಕೆಗಳಲ್ಲಿ ಶೋಲಾ ಕಾಡು, ಆಚೆ ನೀಲಗಿರಿಯ ಸಾಲು. ಆ ಇಳಿಜಾರಿನಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಕಾಟಿಗಳೋ ಆನೆಗಳೋ ಎಂದು ನೋಡುತ್ತ ನಿಲ್ಲಬಹುದು. ಗುಡಿಯ ಅಂಗಳದವರೆಗೆ ಆನೆ ಬಂದು ಹೋದದ್ದೂ ಉಂಟು.

ಬೆಟ್ಟದಿಂದ ಇಳಿದರೆ ಸುತ್ತಲೂ ಹೊಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಗುಂಡ್ಲುಪೇಟೆ ಸೀಮೆ ಹಳದಿಯಾಗುತ್ತದೆ. ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಚೆಂಡುಹೂವು. ಕೇರಳದಿಂದ ಕುಟುಂಬ ಸಮೇತ ಬಂದು ಫೋಟೊ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಹೊಲಕ್ಕೆ ಇಳಿಯಲು ಇಂತಿಷ್ಟು ಎಂದು ಕೆಲವು ರೈತರು ಹಣ ತೆಗೆದುಕೊಳ್ಳುತ್ತಾರೆ. ಬೆಳೆ ತುಳಿದುಹೋಗುವವರು ಅಷ್ಟಾದರೂ ಕೊಡಲಿ. ಚೆಂಡುಹೂವಿನಲ್ಲಿ ಒಂದು ಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಕಂಪನಿಯವರೇ ಸಸಿ ಕೊಟ್ಟು, ಬೆಲೆ ಮೊದಲೇ ಗೊತ್ತುಮಾಡಿ ಹೂವು ಕೊಳ್ಳುವ ಪದ್ಧತಿ ಇಲ್ಲಿದೆ. ಇನ್ನೊಂದು ಪಾಲು ಓಣಂ ಹೊತ್ತಿಗೆ ಗಡಿ ದಾಟಿ ಕೇರಳದ ಅಂಗಳಗಳ ಪೂಕಳಂ ಸೇರುತ್ತದೆ. ಕಾಡಿನಂಚಿನ ಹೊಲವಾದರೆ ಆನೆ, ಹಂದಿಗಳಿಂದ ಕಾಪಾಡಿಕೊಳ್ಳಲು ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲು ಕೂರಬೇಕು. ಹೂವಿನ ಹೊಲದ ಮೂಲೆಯಲ್ಲಿ ಕಾಣುವ ಅಂಥ ಅಟ್ಟಣೆ ಯಾರ ಫೋಟೊದಲ್ಲೂ ಬರುವುದಿಲ್ಲ.

ರೈಲು ಕೊನೆಯಾಗುವ ಊರು

ಗುಂಡ್ಲುಪೇಟೆಯಿಂದ ತೆರಕಣಾಂಬಿ ಹಾದು ಚಾಮರಾಜನಗರಕ್ಕೆ ಸುಮಾರು 35 ಕಿಲೋಮೀಟರ್. ತೆರಕಣಾಂಬಿ ಒಂದು ಕಾಲಕ್ಕೆ ಕೋಟೆ ಕೊತ್ತಲವಿದ್ದ ಊರು. ಈಗ ಹಳೆಯ ಗುಡಿಗಳೂ ತರಕಾರಿ ಮಂಡಿಯೂ ಉಳಿದಿವೆ. ದಾರಿಯುದ್ದಕ್ಕೂ ಅರಿಶಿನ, ಬಾಳೆ, ಸಣ್ಣ ಈರುಳ್ಳಿ. ಚಳಿಗಾಲ ಮುಗಿಯುವ ಹೊತ್ತಿಗೆ ಬಂದರೆ ಹೊಲದ ಬದಿಯ ಒಲೆಗಳಲ್ಲಿ ಅರಿಶಿನ ಬೇಯಿಸುವ ವಾಸನೆ ಕಾರಿನೊಳಗೂ ನುಗ್ಗುತ್ತದೆ.

ಮೈಸೂರಿನಿಂದ ಬರುವ ರೈಲು ಚಾಮರಾಜನಗರಕ್ಕೆ ನಿಲ್ಲುತ್ತದೆ. ಮುಂದೆ ಸತ್ಯಮಂಗಲ, ಮೆಟ್ಟುಪಾಳ್ಯಂ ಕಡೆಗೆ ಹಳಿ ಹಾಕುವ ಪ್ರಸ್ತಾವ ತಲೆಮಾರುಗಳಷ್ಟು ಹಳೆಯದು. ನಡುವಿನ ಕಾಡು ಅದಕ್ಕೆ ಎಡೆ ಕೊಟ್ಟಿಲ್ಲ. ಊರ ನಡುವಿನ ಚಾಮರಾಜೇಶ್ವರ ದೇವಸ್ಥಾನವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ ನೆನಪಿಗೆ ಕಟ್ಟಿಸಿ 1826ರಲ್ಲಿ ಪೂರ್ತಿಗೊಳಿಸಿದರು. ಆಷಾಢದಲ್ಲಿ ನಡೆಯುವ ಇದರ ತೇರಿಗೆ ಸುತ್ತಲ ಸೀಮೆಯ ನವದಂಪತಿಗಳೆಲ್ಲ ಸೇರುತ್ತಾರೆ. ಆಷಾಢಕ್ಕೆ ತವರಿಗೆ ಹೋದ ಹೊಸ ಮದುವಣಗಿತ್ತಿ ಗಂಡನ ಮುಖ ನೋಡುವುದಕ್ಕೆ ತೇರು ಒಂದು ನೆಪ. ಇಬ್ಬರೂ ಕೂಡಿ ರಥಕ್ಕೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ಕಿಡಿಗೇಡಿಯ ಬೆಂಕಿಗೆ ರಥ ಸುಟ್ಟು ಕೆಲವು ವರ್ಷ ಉತ್ಸವ ನಿಂತಿತ್ತು. 2022ರಲ್ಲಿ ಹೊಸ ರಥ ಬಂತು.

ಇಲ್ಲಿಂದ ದಕ್ಷಿಣಕ್ಕೆ ಹೋಗುವ ಸತ್ಯಮಂಗಲ ರಸ್ತೆಯಲ್ಲಿ ಮೊದಲು ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಅವುಗಳ ಹಿಂದೆ ಬಿಳಿಗಿರಿಯ ಗೋಡೆ ಎದ್ದು ನಿಂತಿದೆ. ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ಗಡಿಯಾಚೆಯ ಕಾರಪಳ್ಳಂ, ಹಾಸನೂರು ಸುತ್ತ ಕಬ್ಬಿನ ಲಾರಿಗಳನ್ನು ತಡೆದು ನಿಲ್ಲಿಸಿ ಜಲ್ಲೆ ಎಳೆದುಕೊಳ್ಳುವ ಆನೆಗಳು ಪ್ರಸಿದ್ಧ. ಸಕ್ಕರೆ ಕಾರ್ಖಾನೆಗೆ ಹೋಗುವ ಲಾರಿಗಳಲ್ಲಿ ಹೆಚ್ಚಾಗಿ ಹೇರಿದ ಕಬ್ಬು ಚೆಕ್‌ಪೋಸ್ಟ್ ಬಳಿ ಬೀಳುತ್ತಿತ್ತು. ಅದರ ರುಚಿ ಹತ್ತಿದ ಮೇಲೆ ಸುಂಕ ವಸೂಲಿ ಆನೆಗಳ ಕೈಗೆ ಬಂತು. ಮುಂದೆ ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳು. ಅಲ್ಲಿಯೂ 2022ರಿಂದ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದೆ.

ಗಡಿಗೆ ಅಂಟಿಕೊಂಡಿರುವ ತಾಳವಾಡಿ ಸೀಮೆ ತಮಿಳುನಾಡಿಗೆ ಸೇರಿದ್ದರೂ ಮಾತು ಕನ್ನಡ. ವರನಟ ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. 2000ನೇ ಇಸವಿಯ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಈ ಊರಿನ ಮನೆಯಿಂದ. 108 ದಿನ ಕರ್ನಾಟಕ ಉಸಿರು ಬಿಗಿಹಿಡಿದಿತ್ತು. ಆ ಮನೆಯನ್ನು ಹುಡುಕಿಕೊಂಡು ಹೋಗುವ ಅಭಿಮಾನಿಗಳು ಈಗಲೂ ಇದ್ದಾರೆ.

ಸೋಲಿಗರ ಭಾವ

ಬಿಳಿಗಿರಿರಂಗನ ಬೆಟ್ಟಕ್ಕೆ ಎರಡು ದಾರಿ. ಯಳಂದೂರಿನಿಂದ ಹತ್ತುವುದು ಹತ್ತಿರ, ಬಸ್ಸುಗಳೂ ಹೆಚ್ಚು. ಚಾಮರಾಜನಗರದಿಂದ ಕ್ಯಾತದೇವರ ಗುಡಿ ಮೂಲಕ ಹೋಗುವುದು ಪೂರ್ತಿ ಕಾಡಿನೊಳಗಿನ ದಾರಿ. ಸಮಯವಿದ್ದರೆ ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಬೇಕು. ಕುರುಚಲು ಕಾಡಿನಲ್ಲಿ ಶುರುವಾದ ರಸ್ತೆ ಸ್ವಲ್ಪ ಹೊತ್ತಿಗೆ ಎಲೆ ಉದುರುವ ಕಾಡನ್ನೂ, ಮೇಲೆ ಹೋದಂತೆ ತಣ್ಣನೆಯ ನಿತ್ಯಹಸಿರನ್ನೂ ಹೊಗುತ್ತದೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವಿನ ಸೇತುವೆ ಈ ಬೆಟ್ಟಸಾಲು. 1,800 ಮೀಟರ್‌ವರೆಗೆ ಏರುವ ಈ ಸಾಲಿನಲ್ಲಿ ಎರಡೂ ಕಡೆಯ ಗಿಡ, ಹಕ್ಕಿ, ಪ್ರಾಣಿಗಳು ಬೆರೆತಿವೆ. ಮೈಸೂರು ಸಂಸ್ಥಾನದ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಆನೆ ಹಿಡಿಯುವ ಮೈಸೂರಿನ ಮೊದಲ ಯಶಸ್ವಿ ಖೆಡ್ಡಾ ನಡೆಸಿದ್ದು ಇದೇ ಬೆಟ್ಟಗಳ ತಪ್ಪಲಿನಲ್ಲಿ. ಮುಂದೆ ಸ್ಕಾಟ್ಲೆಂಡಿನ ಮಾರಿಸ್ ಮನೆತನದವರು ಮೇಲೆ ಕಾಫಿ ತೋಟ ಮಾಡಿದರು.

ಬೆಟ್ಟದ ತುದಿಯಲ್ಲಿ ಬಿಳಿ ಬಂಡೆಯ ಅಂಚಿಗೆ ರಂಗನಾಥನ ಗುಡಿ. ಇಲ್ಲಿನ ಆದಿವಾಸಿಗಳಾದ ಸೋಲಿಗರು ರಂಗನನ್ನು ಭಾವ ಎಂದು ಕರೆಯುತ್ತಾರೆ. ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತು ಅವಳನ್ನು ಮದುವೆಯಾದ ಮೇಲೆ ಅವನು ಮನೆಯವನೇ ಆದ ಎಂಬುದು ಅವರ ಕಥೆ. ದೇವರಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಹೊಲಿದು ಒಪ್ಪಿಸುವುದು ತಪ್ಪಲಿನ ಬೂದಿತಿಟ್ಟಿನವರ ಹಕ್ಕು. ರಂಗ ರಾತ್ರಿ ಅವನ್ನು ಮೆಟ್ಟಿ ಕಾಡು ತಿರುಗುತ್ತಾನೆ, ಅದಕ್ಕೇ ಸವೆಯುತ್ತವೆ ಎಂದು ನಂಬಿಕೆ. ಗುಡಿಗೆ ಬಂದವರ ತಲೆಗೆ ಆ ಪಾದುಕೆ ಮುಟ್ಟಿಸಿ ಆಶೀರ್ವದಿಸುತ್ತಾರೆ.

ಸೋಲಿಗರ ಹಾಡಿಗಳಿಗೆ ಪೋಡು ಎನ್ನುತ್ತಾರೆ. ಕಾಡು 1974ರಲ್ಲಿ ವನ್ಯಧಾಮವಾದಾಗ ಅವರ ಬೇಸಾಯ ನಿಂತಿತು, ಬೇಟೆ ನಿಂತಿತು, ಎಷ್ಟೋ ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಲಾಯಿತು. ವೈದ್ಯ ಎಚ್. ಸುದರ್ಶನ್ ಇಲ್ಲಿಗೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬಂತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲಿ ಮೊದಲು ಬಂದದ್ದು ಇಲ್ಲಿಗೆ. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಅವರ ಕೈಗೆ ಕಾನೂನಿನ ಬಲ ಬಂದದ್ದು ಹೀಗೆ.

ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂಬ ವಾದದಲ್ಲಿ ಸೋಲಿಗರ ಮಾತಿಗೂ ತೂಕವಿದೆ. ಹಿಂದೆ ಅವರು ಬೇಸಿಗೆಯ ಮೊದಲಲ್ಲಿ ನೆಲದ ಒಣ ತರಗಿಗೆ ಸಣ್ಣದಾಗಿ ಬೆಂಕಿ ಹಾಕುತ್ತಿದ್ದರು, ಅದೇ ತರಗು ಬೆಂಕಿ. ಅದು ನಿಂತ ಮೇಲೆ ಲಂಟಾನ ಪೊದೆ ಕಾಡನ್ನೆಲ್ಲ ನುಂಗಿತು, ಹುಲ್ಲು ಹೋಯಿತು, ಬೆಂಕಿ ಬಿದ್ದರೆ ದೊಡ್ಡ ಮರಕ್ಕೇ ಹತ್ತುತ್ತದೆ ಎನ್ನುತ್ತಾರೆ ಅವರು. ರಸ್ತೆಯ ಎರಡೂ ಕಡೆ ಗೋಡೆ ಕಟ್ಟಿದಂತೆ ಬೆಳೆದಿರುವ, ಗುಲಾಬಿ ಹಳದಿ ಹೂವಿನ ಆ ಪೊದೆಯನ್ನು ನೋಡಿದರೆ ಮಾತು ಅರ್ಥವಾಗುತ್ತದೆ. ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಕಲಿತಿದ್ದಾರೆ. ಕೊಳ್ಳುವುದಾದರೆ ಅದನ್ನು ಕೊಳ್ಳಬಹುದು.

ಒಳಗಾಡಿನಲ್ಲಿ ಭಾರ್ಗವಿ ಹೊಳೆಯ ದಡಕ್ಕೆ ದೊಡ್ಡ ಸಂಪಿಗೆ ಮರವಿದೆ. ಕೆಲವು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಬುಡ, ಬುಡದಲ್ಲಿ ಲಿಂಗಗಳು. ಮರದ ವಯಸ್ಸನ್ನು ಸಾವಿರಗಳಲ್ಲಿ ಹೇಳುತ್ತಾರೆ. ಸೋಲಿಗರಿಗೆ ಅದು ದೇವರು, ಆದ್ದರಿಂದ ವಯಸ್ಸು ಕೇಳುವ ಪ್ರಶ್ನೆ ಇಲ್ಲ. ಇಲಾಖೆಯ ಅನುಮತಿ ಇದ್ದರೆ ಮಾತ್ರ ಅಲ್ಲಿಗೆ ಹೋಗಬಹುದು.

ನದಿಯ ಗೇಟು, ಗಡಿಯ ರೇಷ್ಮೆ

ಬೆಟ್ಟ ಇಳಿದು ಯಳಂದೂರಿಗೆ ಬಂದರೆ ಗೌರೀಶ್ವರ ದೇವಸ್ಥಾನದ ಮುಂದಿನ ಬಳೆ ಮಂಟಪಕ್ಕಾಗಿ ಅರ್ಧ ಗಂಟೆ ಮೀಸಲಿಡಬೇಕು. ಒಂದೇ ಕಲ್ಲಿನಲ್ಲಿ ಕಡೆದ ಸರಪಣಿಯ ಬಳೆಗಳು ಮೂಲೆಗಳಿಂದ ಜೋತಾಡುತ್ತವೆ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು ಇದು. 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮನ ಊರೂ ಹೌದು.

ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರೇಷ್ಮೆ ಮಗ್ಗದ ಸದ್ದು ಕೇಳುವ ಬೀದಿಗಳು ಈಗ ಕಡಿಮೆಯಾದರೂ ಕೊಳ್ಳೇಗಾಲದ ಸೀರೆ ಎಂದರೆ ಮದುವೆ ಮನೆಗಳಲ್ಲಿ ಮರ್ಯಾದೆಯಿದೆ. ಇಲ್ಲಿಂದ ಸ್ವಲ್ಪ ದೂರಕ್ಕೆ ಶಿವನಸಮುದ್ರ. ಕಾವೇರಿ ಎರಡು ಕವಲಾಗಿ ನಡುಗಡ್ಡೆಯನ್ನು ಬಳಸಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಬೀಳುತ್ತದೆ. ಭರಚುಕ್ಕಿ ನಮ್ಮ ಕಡೆಯದು, ಗಗನಚುಕ್ಕಿಯನ್ನು ಮಂಡ್ಯ ಜಿಲ್ಲೆಯ ಕಡೆಯಿಂದ ನೋಡಬೇಕು. ಇಲ್ಲಿಯೂ ಹೊತ್ತು ಗೊತ್ತುಮಾಡುವುದು ಗೇಟುಗಳೇ. ಕೃಷ್ಣರಾಜ ಸಾಗರ, ಕಬಿನಿ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಓದಿ ಹೊರಟರೆ ಭರಚುಕ್ಕಿ ಬಂಡೆಯ ಉದ್ದಕ್ಕೂ ತುಂಬಿ ಧುಮುಕುವುದನ್ನು ಕಾಣಬಹುದು. ಬೇಸಿಗೆಯಲ್ಲಿ ಬಂದವರು ಬಂಡೆ ನೋಡಿ ಹೋಗಬೇಕು.

ನದಿ ಇಲ್ಲಿ ಬೀಳುವುದನ್ನು ಬಳಸಿಕೊಂಡು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ, ಗಣಿಗೆ ಕೊಟ್ಟ ಮೇಲೆ. ಯೋಜನೆಯ ಹಿಂದಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ದೀಪ ಹೊತ್ತುವುದನ್ನು ಕಾಣದೆ 1901ರಲ್ಲೇ ತೀರಿಕೊಂಡಿದ್ದರು. ನಡುಗಡ್ಡೆಯಲ್ಲಿ ಮಧ್ಯರಂಗನ ಗುಡಿಯಿದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗ, ಇವೆರಡರ ನಡುವೆ ಇವನು.

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ತಿರುಗಿದರೆ ಒಡೆಯರಪಾಳ್ಯದ ಟಿಬೆಟನ್ ಶಿಬಿರವನ್ನು ನೋಡಿ ಹೋಗಬಹುದು. 1970ರ ದಶಕದಲ್ಲಿ ನಿರಾಶ್ರಿತರಿಗೆ ಕೊಟ್ಟ ನೆಲದಲ್ಲಿ ಈಗ ಮುಸುಕಿನ ಜೋಳದ ಹೊಲಗಳಿವೆ, ಹೊಲದಾಚೆ ಬಣ್ಣದ ಬಾವುಟಗಳು ಹಾರುವ ಬೌದ್ಧ ವಿಹಾರ. ಇಲ್ಲಿನ ಹಿರಿಯರು ಅಂಗಡಿಯಲ್ಲಿ ಚೌಕಾಸಿ ಮಾಡುವುದು ಹನೂರು ಸೀಮೆಯ ಕನ್ನಡದಲ್ಲಿ.

ಹುಲಿ ಏರಿದ ಮಾದಪ್ಪ

ಹನೂರು ದಾಟಿ ತಾಳುಬೆಟ್ಟ ತಲುಪಿದರೆ ಮಲೆ ಮಹದೇಶ್ವರ ಬೆಟ್ಟದ ಏರು ಶುರು. ಎಪ್ಪತ್ತೇಳು ಮಲೆಯ ಒಡೆಯ ಎಂದು ಜನ ಕರೆಯುವ ಮಾದಪ್ಪನ ನೆಲ. ಅಮಾವಾಸ್ಯೆಯ ಹಿಂದುಮುಂದಿನ ದಿನ ಬಂದರೆ ರಸ್ತೆಯಲ್ಲಿ ಕಾರಿಗಿಂತ ಪರಿಸೆಯ ಜನವೇ ಹೆಚ್ಚು. ತಲೆ ಮೇಲೆ ಗಂಟು, ಕಂಕುಳಲ್ಲಿ ಮಗು, ಬಾಯಲ್ಲಿ ಉಘೇ ಉಘೇ. ಕಂಸಾಳೆ ಹಿಡಿದ ದೇವರ ಗುಡ್ಡರು ಮಾದಪ್ಪನ ಕಾವ್ಯವನ್ನು ರಾತ್ರಿಗಳ ಮೇಲೆ ರಾತ್ರಿ ಹಾಡುತ್ತಾರೆ. ಬರೆದವರಿಲ್ಲದೆ ಕಂಠದಿಂದ ಕಂಠಕ್ಕೆ ಉಳಿದ, ಕನ್ನಡದ ಅತಿ ದೊಡ್ಡ ಜನಪದ ಕಾವ್ಯಗಳಲ್ಲಿ ಒಂದು ಅದು. ಗುಡಿಯ ಪೂಜೆ ಬೇಡಗಂಪಣರದು.

ಮಾದಪ್ಪನ ವಾಹನ ಹುಲಿ. ಗುಡಿಯಲ್ಲಿ ಹುಲಿವಾಹನದ ಸೇವೆ ನಡೆಯುತ್ತದೆ, ಬೆಟ್ಟದ ಮೇಲೆ ಹುಲಿ ಏರಿದ ಮಾದಪ್ಪನ 108 ಅಡಿಯ ಪ್ರತಿಮೆ ನಿಂತಿದೆ. ಅದೇ ಬೆಟ್ಟಗಳ ಹೂಗ್ಯಂ ವಲಯದಲ್ಲಿ 2025ರ ಜೂನ್ 26ರಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹೊಡೆದ ಹಸುವಿನ ಮೈಗೆ ವಿಷ ಹಾಕಿದ್ದರು. ನಾಲ್ಕೈದು ಹಸು ಮೇಯಿಸಿ ಬದುಕುವವನಿಗೆ ಒಂದು ಹಸು ಹೋದರೆ ಆಗುವ ನಷ್ಟ ಎಷ್ಟೆಂದು ಈ ಊರುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ವರ್ಷ ನವೆಂಬರಿನಲ್ಲಿ ಬಂಡೀಪುರದಾಚೆ, ಮೈಸೂರು ಜಿಲ್ಲೆಯ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದಾಗ ಜನರ ಸಿಟ್ಟು ಸಫಾರಿ ಜೀಪುಗಳ ಮೇಲೆ ತಿರುಗಿತು. ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಬೇಕಾಯಿತು. ಜೀಪು ಹುಲಿಯನ್ನು ಊರಿಗೆ ಅಟ್ಟುತ್ತದೆಯೇ ಎಂಬುದು ಬೇರೆ ಚರ್ಚೆ. ಹುಲಿ ನೋಡುವವರಿಗೆ ಸಂತೋಷ, ಸಾಕುವ ಹೊರೆ ನಮಗೆ ಎಂಬ ಊರಿನವರ ಮಾತಿಗೆ ಮಾತ್ರ ಯಾರ ಬಳಿಯೂ ಜವಾಬಿಲ್ಲ.

ಬೆಟ್ಟದಿಂದ ಪಾಲಾರ್ ಕಡೆ ಇಳಿದು ಕಾಡಿನ ದಾರಿ ಹಿಡಿದರೆ ಗೋಪಿನಾಥಂ. ವೀರಪ್ಪನ್ ಹುಟ್ಟಿದ ಊರು. ಹಾದಿಯುದ್ದಕ್ಕೂ ಆ ಕಾಲದ ಗುರುತುಗಳಿವೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿಸಿ 22 ಜನರನ್ನು ಕೊಂದಿದ್ದು ಇಲ್ಲೇ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅದಕ್ಕೂ ಮುಂಚೆ, 1991ರ ನವೆಂಬರಿನಲ್ಲಿ ಹತರಾಗಿದ್ದರು. ಬಂದೂಕಿನಿಂದ ಆಗದ್ದನ್ನು ಊರಿನವರ ವಿಶ್ವಾಸ ಗಳಿಸಿ ಸಾಧಿಸಬಹುದೆಂದು ನಂಬಿ, ಗೋಪಿನಾಥಂನಲ್ಲಿ ಜನರ ಜೊತೆಯೇ ಬದುಕಿ, ಮಾರಿಯಮ್ಮನ ಗುಡಿ ಕಟ್ಟಿಸಿದವರು ಅವರು. ಶರಣಾಗುತ್ತೇನೆಂದು ಕರೆಸಿಕೊಂಡ ವೀರಪ್ಪನ್ ಶ್ರೀನಿವಾಸ್ ಅವರನ್ನು ಕೊಂದ. ಮರಣೋತ್ತರವಾಗಿ ಕೀರ್ತಿ ಚಕ್ರ ಬಂತು. ಗೋಪಿನಾಥಂನ ಜನ ಇಂದಿಗೂ ಶ್ರೀನಿವಾಸ್ ಫೋಟೊಗೆ ಹೂವು ಏರಿಸುತ್ತಾರೆ. ಈಗ ಅಲ್ಲಿ ಸರ್ಕಾರಿ ಪ್ರವಾಸಿ ಶಿಬಿರವಿದೆ, ಚಾರಣದ ಹಾದಿಗಳಿವೆ. ಮುಂದೆ ಹೊಗೆನಕಲ್. ತಮಿಳುನಾಡಿನ ದಡದಲ್ಲಿ ಜಾತ್ರೆಯಷ್ಟು ಜನ, ನಮ್ಮ ದಡದಲ್ಲಿ ತೆಪ್ಪದವರೂ ನಾಲ್ಕಾರು ಗಿರಾಕಿಗಳೂ. ಕಾವೇರಿ ದಡದ ಮತ್ತಿ ಮರಗಳಲ್ಲಿ ಕತ್ತೆತ್ತಿ ಹುಡುಕಿದರೆ ಬೂದು ಬಣ್ಣದ ದೊಡ್ಡ ಅಳಿಲು ಸಿಕ್ಕೀತು. ಕರ್ನಾಟಕದಲ್ಲಿ ಅದು ಇರುವುದು ಈ ಹೊಳೆಯಂಚಿನ ಕಾಡಿನಲ್ಲಿ.

ಹೊರಡುವವರಿಗೆ

ಪ್ರಾಣಿಗಳನ್ನು ನೋಡಲು ಫೆಬ್ರುವರಿಯಿಂದ ಮೇ, ಹಸಿರಿಗೂ ಹೂವಿಗೂ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬಂಡೀಪುರದ ಸಫಾರಿ ನಡೆಯುತ್ತಿದೆಯೇ ಎಂದು ಇಲಾಖೆಯಿಂದ ಖಚಿತಪಡಿಸಿಕೊಂಡು ಹೊರಡಿ. ಬಿಳಿಗಿರಿಯ ಗೇಟುಗಳು ಕತ್ತಲಾಗುವ ಮುಂಚೆ ಮುಚ್ಚುತ್ತವೆ, ಮಧ್ಯಾಹ್ನದೊಳಗೆ ಹತ್ತಿಬಿಡುವುದು ವಾಸಿ. ಮಾದಪ್ಪನ ಬೆಟ್ಟಕ್ಕೆ ಪರಿಸೆ ನೋಡಲು ಹೋಗುವುದಾದರೆ ಶಿವರಾತ್ರಿ, ಯುಗಾದಿ, ದೀಪಾವಳಿ. ಬೆಟ್ಟವನ್ನೇ ನೋಡಬೇಕೆಂದರೆ ಆ ದಿನಗಳನ್ನು ಬಿಟ್ಟು ಬೇರೆ ದಿನ. ಜನವರಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಒಕ್ಕಲಿನವರು ಡೇರೆ ಹಾಕಿ, ಅಲ್ಲೇ ಅಡುಗೆ ಮಾಡಿ, ಜಾತಿ ನೋಡದೆ ಪಂಕ್ತಿಯಲ್ಲಿ ಕೂತು ಉಣ್ಣುವುದು ನೋಡುವಂಥದ್ದು. ಊಟಕ್ಕೆ ಹೆದ್ದಾರಿಯ ಬೋರ್ಡುಗಳನ್ನು ಬಿಟ್ಟು ಊರೊಳಗಿನ ಮೆಸ್ ಹುಡುಕಿದರೆ ಮುದ್ದೆ, ಉಪ್ಸಾರು, ಹುರುಳಿಕಾಳಿನ ಬಸ್ಸಾರು ಸಿಗುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ರಾತ್ರಿಯಾದರೂ ಜಿಲ್ಲೆಯಲ್ಲೇ ಉಳಿಯಿರಿ. ಹಸು ಕಳೆದುಕೊಂಡವರು, ಅಟ್ಟಣೆಯ ಮೇಲೆ ನಿದ್ದೆಗೆಟ್ಟವರು, ಗೇಟು ಬಿದ್ದ ಮೇಲೆ ಆಸ್ಪತ್ರೆ ದೂರವಾದವರು ಈ ಕಾಡಿನ ಖರ್ಚನ್ನು ಹೊರುತ್ತಿದ್ದಾರೆ. ರಾತ್ರಿಗೊಂದು ಕೋಣೆ, ಎರಡು ಹೊತ್ತಿನ ಊಟ, ಹೊರಡುವಾಗ ಒಂದು ಬಾಟಲಿ ಜೇನು, ಅರ್ಧ ಕಿಲೋ ಅರಿಶಿನ ಇಷ್ಟರ ದುಡ್ಡು ಅವರ ಊರಿಗೆ ಸೇರುತ್ತದೆ. ಗೇಟು ಬೀಳುವ ಮುಂಚೆ ದಾಟಿಬಿಟ್ಟ ಕಾರಿನಿಂದ ಅವರಿಗೆ ಸಿಗುವುದು ಹೊಗೆ ಮಾತ್ರ.